ಗಾಡಿ ನಂಬರಿನಿಂದ ಊರು ತೆಗೆಯುವ ಕೈಪಿಡಿ

ಬೇಕಾಗುವ ಸಾಮಾನು: ಹುಬ್ಬಳ್ಳಿ-ಧಾರವಾಡದಲ್ಲಿ ಸರ್ವೆ ಮಾಡಿ ತುಂಬಿಸಿದ ಒಂದು ಎಕ್ಸೆಲ್ ಫೈಲು, ಆರ್ ಅಥವಾ ಸ್ಟಾಟಾ ಇರುವ ಲ್ಯಾಪ್‌ಟಾಪು, ಒಂದು ಪ್ಲೇಟು ಗಿರ್ಮಿಟ್. ಫಾರ್ಮಿನಲ್ಲಿ 'ನಿಮ್ಮ ಊರು ಯಾವುದು?' ಎಂದು ಕೇಳುವುದನ್ನು ಮರೆತಿರಬೇಕು. ಕೇಳಿದವರಿಗೆ ಈ ಕೈಪಿಡಿಯ ಅಗತ್ಯವಿಲ್ಲ.

ಹಂತ 1: ನಂಬರು ತೊಳೆಯಿರಿ. ಒಬ್ಬರು 'ಕೆಎ-25' ಎಂದು ಅಡ್ಡಗೆರೆ ಹಾಕಿರುತ್ತಾರೆ, ಇನ್ನೊಬ್ಬರು 'ಕೆಎ 25' ಎಂದು ಜಾಗ ಬಿಟ್ಟಿರುತ್ತಾರೆ. ಗೆರೆ, ಜಾಗ ಎರಡನ್ನೂ ಕಿತ್ತುಹಾಕಿ.

ಹಂತ 2: ಸಬ್‌ಸ್ಟ್ರಿಂಗ್ ಫಂಕ್ಷನ್ನಿಗೆ 'ಮೂರನೆಯ ಸ್ಥಾನದಿಂದ ಎರಡು ಅಂಕಿ ಕೊಡು' ಎನ್ನಿ. 25 ಬಂದರೆ ಧಾರವಾಡ, 63 ಬಂದರೆ ಹುಬ್ಬಳ್ಳಿ, 26 ಗದಗ, 27 ಹಾವೇರಿ. 'ಊರು' ಎಂಬ ಹೊಸ ಕಾಲಮ್ ತಯಾರು. ಈಗ ಗಿರ್ಮಿಟ್ ತಿನ್ನಬಹುದು.

ಹಂತ 3: ತಿಂದಾದ ಮೇಲೆ ನಾಲ್ಕು ಜನಕ್ಕೆ ಫೋನ್ ಹಚ್ಚಿ. 25 ನಂಬರಿನ ಹಳೇ ಸ್ಕೂಟರಿನವರು ಕೇಶ್ವಾಪುರದಿಂದ ಹೇಳುತ್ತಾರೆ: "ನಾವು ಹುಬ್ಬಳ್ಳಿಯವ್ರೇರಿ. ಆಗ 63 ಎಲ್ಲಿತ್ರಿ?"

ಹಂತ 4: ಸಿಟ್ಟಾಗದೆ ಪಿನ್‌ಕೋಡಿಗೆ ಹೋಗಿ. ಮೊದಲ ಮೂರಂಕಿ ಕತ್ತರಿಸಿದರೆ ಧಾರವಾಡದ 580001, ಹುಬ್ಬಳ್ಳಿಯ 580020 ಎರಡೂ 580 ಆಗುತ್ತವೆ. 1962ರಲ್ಲಿ ಎರಡೂ ಊರಿಗೆ ಸೇರಿ ಒಂದೇ ಮಹಾನಗರ ಪಾಲಿಕೆ ಆಗಿದ್ದರಿಂದ ಇದನ್ನು ಹೇಗೋ ಸಹಿಸಬಹುದು. ಆದರೆ 581ರಲ್ಲಿ ಬ್ಯಾಡಗಿ ಮೆಣಸಿನಕಾಯಿ, ಕಾರವಾರದ ಮೀನು ಎರಡೂ ಒಂದೇ ಬುಟ್ಟಿಗೆ ಬೀಳುತ್ತವೆ.

ಹಂತ 5: ಶಾಲೆಗಳ ಸರ್ವೆಯಾದರೆ ಹನ್ನೊಂದು ಅಂಕಿಯ ಯುಡೈಸ್ ಸಂಖ್ಯೆ ಸಿಗುತ್ತದೆ, ಮೊದಲ 29 ಅಂದರೆ ಕರ್ನಾಟಕ. ಇದನ್ನು ಸ್ಟಾಟಾದಲ್ಲಿ ಫ್ಲೋಟ್ ಆಗಿ ಇಡಬೇಡಿ. ಫ್ಲೋಟಿಗೆ ಏಳಂಕಿಯವರೆಗೆ ಮಾತ್ರ ಭರವಸೆ. ಆಮೇಲಿನದನ್ನು ಅದು ತನಗೆ ತೋಚಿದಂತೆ ದುಂಡಗೆ ಮಾಡಿ, ಅಕ್ಕಪಕ್ಕದ ಶಾಲೆಗಳಿಗೆಲ್ಲ ಒಂದೇ ಸಂಖ್ಯೆ ಕೊಟ್ಟುಬಿಡುತ್ತದೆ. ಸ್ಟ್ರಿಂಗ್ ಆಗಿಯೇ ಇರಲಿ.

ಎಚ್ಚರಿಕೆ: ಹಾಗಂತ ಕೋಡನ್ನು ಬೈದು ಹೆಸರನ್ನು ನಂಬಲು ಹೋಗಬೇಡಿ. 2014ರ ನವೆಂಬರ್ 1ರಂದು ಇಂಗ್ಲಿಷಿನ 'ಹುಬ್ಳಿ' ಅಧಿಕೃತವಾಗಿ 'ಹುಬ್ಬಳ್ಳಿ' ಆಯಿತು. ಹೆಸರಿನ ಕಾಲಮ್ ಇಟ್ಟುಕೊಂಡವರ ಕೋಷ್ಟಕದಲ್ಲಿ ಒಂದೇ ಊರು ಎರಡಾಯಿತು. ರೈಲ್ವೆಯ 'ಯುಬಿಎಲ್' ಕೋಡು ಮಾತ್ರ ಜಪ್ಪಯ್ಯ ಎಂದರೂ ಕದಲಲಿಲ್ಲ. ಊರಿನ ಹೆಸರು ಬದಲಾದರೆ ಕೋಡು ತಡೆದುಕೊಳ್ಳುತ್ತದೆ. ನೋಂದಣಿ ಕಚೇರಿ ಎರಡಾದರೆ, ಜನ ಮನೆ ಬದಲಿಸಿದರೆ ಅದಕ್ಕೆ ಸುದ್ದಿಯೇ ಮುಟ್ಟುವುದಿಲ್ಲ.

ಹಂತ 6: ಮೂಲ ಕಾಲಮ್ ಅಳಿಸಬೇಡಿ. ಹೊಸದರ ಹೆಸರನ್ನು 'ಊರು' ಎಂಬುದರಿಂದ 'ನೋಂದಣಿ ಕಚೇರಿ' ಎಂದು ತಿದ್ದಿ. ಅಷ್ಟು ಮಾಡಿದರೆ ಒಂದು ಅಂಕಿಯನ್ನೂ ಮುಟ್ಟದೆ ಅರ್ಧದಷ್ಟು ತಪ್ಪು ಸರಿಹೋಗುತ್ತದೆ.

ಗ್ಯಾರಂಟಿ: ಗಾಡಿ ಎಲ್ಲಿ ನೋಂದಣಿಯಾಯಿತು ಎಂಬುದಕ್ಕಷ್ಟೇ. ಮಾಲೀಕರ ಮನೆ ಬೇಕಿದ್ದರೆ ಮುಂದಿನ ಫಾರ್ಮಿನಲ್ಲಿ ಒಂದು ಸಾಲು ಹೆಚ್ಚಿಗೆ ಅಚ್ಚು ಹಾಕಿಸಿ.