ಕೇರೆಹಾವಿನ ಮಾನನಷ್ಟ

ಹಳೆಯ ಸಿನಿಮಾಗಳನ್ನು ತಿಕ್ಕಿ ತೊಳೆದು ಮತ್ತೆ ತೆರೆಗೆ ತರುವ ಹಂಗಾಮು ಇದು. ಸಾಲದ್ದಕ್ಕೆ ಹುಡುಗರು ದುರ್ಗದ ಬಂಡೆ ಹತ್ತಿ, ಕಾಲರ್ ಎತ್ತಿ, ‘ನಾಗರಹಾವು’ ಚಿತ್ರದ ರಾಮಾಚಾರಿಯಾಗಿ ರೀಲ್ಸ್ ಮಾಡುತ್ತಿದ್ದಾರೆ. ‘ಕಾದಂಬರಿ ಓದಿದ್ದೀಯೇನಪ್ಪಾ?’ ಎಂದರೆ ‘ಕಾದಂಬರೀನೂ ಇದೆಯಾ ಅಂಕಲ್?’ ಎನ್ನುತ್ತಾರೆ. ನಿರ್ದೇಶಕ ಪುಟ್ಟಣ್ಣ ನಾಗರಹಾವನ್ನು ಕೇರೆಹಾವು ಮಾಡಿಟ್ಟರು ಎಂದು ಕಾದಂಬರಿಕಾರ ತರಾಸು ಬೇಸರಿಸಿದ್ದು ಹಳಬರಿಗೆಲ್ಲ ಗೊತ್ತು. ಕೇರೆಹಾವಿನ ಅಭಿಪ್ರಾಯವನ್ನು ಮಾತ್ರ ಯಾರೂ ಕೇಳಿರಲಿಲ್ಲ. ದಾವಣಗೆರೆ ಸರಸ್ವತಿ ನಗರದ ಖಾಲಿ ಸೈಟೊಂದರಲ್ಲಿ, ಜಾಲಿ ಬುಡಕ್ಕೆ ಬಿಸಿಲು ಕಾಯಿಸುತ್ತಿದ್ದವರನ್ನು ಮಾತಿಗೆಳೆದೆವು.

ಊಟ ಆಯ್ತಾ?

ಆಯ್ತ್ರಿ. ಎರಡು ಇಲಿ. ಮಂಡಕ್ಕಿ ತಿಂದು ಬೆಳೆದವು, ರುಚಿನೇ ಬೇರೆ.

‘ನಾಗರಹಾವು’ ಚಿತ್ರದ ಬಗ್ಗೆ...

ಬಂದ್ರಾ ಅಲ್ಲಿಗೇ! 1972ರ ಸೆಪ್ಟೆಂಬರಿನಾಗೆ ದಿಲ್ಲಿಯೋರು ವನ್ಯಜೀವಿ ಸಂರಕ್ಷಣಾ ಕಾಯ್ದೆ ಮಾಡಿದ್ರು. ಇನ್ನು ನಮ್ಮ ಚರ್ಮ ಸುಲಿದು ಪರ್ಸು, ಬೆಲ್ಟು ಮಾಡೋದು ನಿಲ್ತದೆ ಅಂತ ಉಸಿರು ಬಿಟ್ವಿ. ಡಿಸೆಂಬರಿಗೆ ಸಿನಿಮಾ ಬಂತು. ಚರ್ಮ ಉಳೀತು ಅನ್ನೋದ್ರಾಗೆ ಮಾನ ಹೋಯ್ತು.

ತರಾಸು ಬೈದದ್ದು ಚಿತ್ರವನ್ನು, ನಿಮ್ಮನ್ನಲ್ಲ.

ಬೈಯೋಕೆ ನನ್ನ ಹೆಸರೇ ಬೇಕಿತ್ತಾ? ವಿಷ ಇಲ್ಲದ್ದೆಲ್ಲ ಕೈಲಾಗದ್ದು ಅಂತ ಯಾರು ಹೇಳಿದ್ದು? ನಾಗಪ್ಪನಿಗೆ ಪಂಚಮಿ ಹಾಲು, ಅರಳಿಕಟ್ಟೆ, ಅರಿಸಿನ ಕುಂಕುಮ. ನನಗೆ ದೊಣ್ಣೆ. ಭದ್ರಾ ನಾಲೆ ಬಯಲಿನಾಗೆ ನಿಮ್ಮ ಭತ್ತ ಕಾಯೋನು ಯಾರು? ನಾಗಪ್ಪನೂ ಇಲಿ ಹಿಡೀತಾನೆ, ಇಲ್ಲ ಅನ್ನಲ್ಲ. ಹಗಲು ಡ್ಯೂಟಿ ನಂದು. ಅದರ ಮೇಲೆ ನಾನು ಬಾಲದಾಗೆ ಹೊಡೆದ್ರೆ ಕಾಲು ಕೊಳೀತದೆ ಅಂತ ಪುಕಾರು ಬೇರೆ.

ಭದ್ರಾ ನಾಲೆ ಅಂದಿರಲ್ಲ, ನೆನಪಾಯಿತು. ತರಾಸು 1920ರಲ್ಲಿ ಹುಟ್ಟಿದ್ದು ನಮ್ಮ ಹರಿಹರ ತಾಲ್ಲೂಕಿನ ಮಲೇಬೆನ್ನೂರಿನಲ್ಲಿ. ಆದರೂ ಎಲ್ಲರೂ ದುರ್ಗ, ದುರ್ಗ ಅನ್ನುತ್ತಾರೆ. ಇದು ಅನ್ಯಾಯವಲ್ಲವೇ?

ಮನೆತನ ತಳುಕಿನದು, ಬರೆದದ್ದು ದುರ್ಗದ ಮೇಲೆ. ಅವರು ದುರ್ಗ ಅನ್ನದೆ ಇನ್ನೇನು ಅಂತಾರೆ? ನನ್ನ ಮಾತು ಕೇಳ್ರಿ.

ಹರಿಹರವೂ 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಜಿಲ್ಲೆ ಹಿಸೆಯಾದಾಗ ತರಾಸು ಅವರಲ್ಲಿ ನಮ್ಮ ಪಾಲು...

ಸ್ವಾಮಿ, ಸಂದರ್ಶನ ನಂದು.

ಸರಿ. ಕಾದಂಬರಿ ಓದಿದವರಿಗೆ ಇಷ್ಟು ಸಿಟ್ಟು ಯಾಕೆ?

‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’. ಮೂರು ಪುಸ್ತಕ, ಸಿನಿಮಾ ಒಂದೇ. ಕೇರೆ ತಿನ್ನೋರ ಊರಿಗೆ ಹೋದ್ರೆ ನಡುತುಂಡು ನನಗೇ ಅನ್ನಬೇಕಂತೆ, ಗಾದೆ ಮಾಡಿದೋರು ನೀವೇ. ಸಿನಿಮಾದೋರು ಹಂಗೇ ಮಾಡಿದ್ರು: ನಡುತುಂಡು ತಾವು ತಗೊಂಡು, ತಲೆ ಬಾಲ ಓದಿದೋರಿಗೆ ಬಿಟ್ರು. 1974ರಾಗೆ ರಿಷಿ ಕಪೂರನ್ನ ಹಾಕ್ಕೊಂಡು ಪುಟ್ಟಣ್ಣನೋರೇ ಹಿಂದಿಗೂ ತಗೊಂಡು ಹೋದ್ರು. ‘ಝಹರೀಲಾ ಇನ್ಸಾನ್’ ಅಂತ ಈ ಸಲ ಹೆಸರಿಗೇ ವಿಷ ಹಾಕಿದ್ರು. ಓಡಲಿಲ್ಲ.

ಕನ್ನಡದ್ದು ಓಡಿತಲ್ಲ. ವಿಷ್ಣುವರ್ಧನ್ ನಾಯಕರಾದದ್ದು, ಅಂಬರೀಶ್ ಬೆಳಕಿಗೆ ಬಂದದ್ದು ಅಲ್ಲಿಯೇ.

ಓಡ್ದೆ ಏನು? ಓಟದಾಗೆ ಕೇರೆನ ಹಿಡಿಯೋರು ಯಾರಿದ್ದಾರೆ!

ಪ್ರೇಮಕಥೆಯಾಗಿ ಹೇಗಿತ್ತು?

ಎರಡು ಕೇರೆ ಹೆಣೆದುಕೊಂಡು ಎದ್ದು ನಿಂತ್ರೆ ಸರಸ ಅಂತ ಮೇಲೆ ಪಂಚೆ ಎಸೀತೀರಿ. ಎರಡೂ ಗಂಡು ಕಣ್ರಿ, ಅದು ಕುಸ್ತಿ. ಕುಸ್ತಿ ಯಾವುದು ಪ್ರೀತಿ ಯಾವುದು ಗೊತ್ತಾಗದ ಜನಕ್ಕೆ ನಾನೇನು ಹೇಳಲಿ?

ಮತ್ತೆ ರಾಮಾಚಾರಿಯ ಪ್ರೇಯಸಿ ಅಲಮೇಲು?

(ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಆಡಿದ ಮಾತಿನಲ್ಲಿ ತಮಾಷೆ ಇರಲಿಲ್ಲ.)

ಅವಳನ್ನು ಯಾರು ಕೇಳಿದ್ದಾರೆ? ಪುಂಡ ಜಲೀಲನ ಕಾಟ ತಪ್ಪಿಸು, ತಂಗಿಯನ್ನು ಕೊಡುತ್ತೇನೆ ಎಂದ ಅಣ್ಣ ಕೈಕೊಟ್ಟ. ಚಾಮಯ್ಯ ಮೇಷ್ಟ್ರು ಬಂದು ಜಾತಿ ಬೇರೆ, ಬಿಟ್ಟುಕೊಡು ಎಂದರು. ಶಿಷ್ಯ ರಾಮಾಚಾರಿ ಬಿಟ್ಟುಕೊಟ್ಟ. ಥಿಯೇಟರಿಗೆ ಥಿಯೇಟರೇ ಅತ್ತಿತು. ಬಿಟ್ಟುಕೊಟ್ಟದ್ದು ಯಾರ ಬದುಕನ್ನು? ಅವಳನ್ನು ಒಂದು ಮಾತು ಕೇಳಲಿಲ್ಲ. ತಾಳಿ ಕಟ್ಟಿದವನೇ ಅವಳನ್ನು ಮಾರಿಕೊಂಡ. ಐವತ್ತು ವರ್ಷದಿಂದ ನೀವು ಗುರುಶಿಷ್ಯರ ಬಾಂಧವ್ಯ ಎಂದು ಕಣ್ಣೊರೆಸಿಕೊಳ್ಳುತ್ತಿದ್ದೀರಿ. ಇವತ್ತಿಗೂ ಇದೇ ರಾಜ್ಯದಲ್ಲಿ ಜಾತಿ ಮೀರಿ ಮದುವೆಯಾದ ಹೆಣ್ಣುಮಕ್ಕಳನ್ನು ಹೆತ್ತವರೇ ಕೊಲ್ಲುತ್ತಾರೆ, ಅದಕ್ಕೆ ಮರ್ಯಾದೆ ಎಂದು ಹೆಸರಿಡುತ್ತಾರೆ. ಆ ಅಪ್ಪ, ಆ ಅಣ್ಣ, ಯಾರೂ ಹಾವಿನ ಜಾತಿಯವರಲ್ಲ. ವಿಷ ಎಲ್ಲಿತ್ತು ಎಂದು ಇನ್ನೂ ಚಿತ್ರದ ಹೆಸರಿನಲ್ಲಿ ಹುಡುಕುತ್ತೀರಲ್ಲ!

...

ಯಾಕ್ರೀ ಸುಮ್ನಾದ್ರಿ? ಮಲೇಬೆನ್ನೂರಿನ ಬಗ್ಗೆ ಏನಾದ್ರೂ ಕೇಳ್ರಿ.

ಪುಟ್ಟಣ್ಣನವರ ಮೇಲೆ ತರಾಸು ಅವರ ಮುನಿಸು ಕೊನೆಯವರೆಗೂ ಉಳಿಯಿತೇ?

ಪುಟ್ಟಣ್ಣನೋರ ಕೊನೇ ಚಿತ್ರ ‘ಮಸಣದ ಹೂವು’. ಅದೂ ತರಾಸು ಕತೇನೇ, ಅದರಾಗೂ ಮೈ ಮಾರೋ ದಂಧೆಗೆ ಸಿಕ್ಕಿಕೊಂಡ ಹೆಣ್ಣುಗಳೇ. ತರಾಸು 1984ರಾಗೆ ಹೋದ್ರು, ಪುಟ್ಟಣ್ಣನೋರು 1985ರಾಗೆ, ಚಿತ್ರ ಮುಗಿಯೋ ಮೊದಲೇ. ಉಳಿದದ್ದನ್ನ ಕೆ.ಎಸ್.ಎಲ್. ಸ್ವಾಮಿ ಮುಗಿಸಿದ್ರು. ಮುನಿಸಿಗೆ ಅಷ್ಟು ಪುರಸೊತ್ತು ಎಲ್ಲಿತ್ತು?

ಓದುಗರಿಗೆ ಏನು ಹೇಳುತ್ತೀರಿ?

ಮೂರೂ ಕಾದಂಬರಿ ಓದಿ ಬಂದೋರು ನನ್ನ ಹೆಸರು ಹಿಡಿದೇ ಬೈಲಿ, ಬೈಸಿಕೊಳ್ತೀನಿ. ಓದದೋರು ಮನೆ ಮುಂದಿನ ಕಸ ತೆಗೀರಿ. ಇಲಿ ಬರಲ್ಲ, ನಾನೂ ಬರಲ್ಲ. ಬಂದ್ರೂ ದೊಣ್ಣೆ ಹುಡುಕಬ್ಯಾಡ್ರಿ. ಕಾಯ್ದೆ ಇನ್ನೂ ಜಾರಿಯಲ್ಲಿದೆ.