ಕಾರುವರ್ಣ ಮೀಮಾಂಸೆ: ಒಂದು ಬಕೆಟ್ಟಿನ ಅದ್ವೈತ, ಎರಡು ಬಕೆಟ್ಟಿನ ದ್ವೈತ

ಎರಡನೆಯ ಚಾವುಂಡರಾಯ ಸುಮಾರು ಕ್ರಿ.ಶ. 1025ರಲ್ಲಿ ‘ಲೋಕೋಪಕಾರ’ ಬರೆದಾಗ ಮಳೆಯ ಲಕ್ಷಣ, ನೀರಿನ ಸೆಲೆ, ಗಿಡಮರಗಳ ಆರೈಕೆ, ಅಡುಗೆ, ಸುಗಂಧದ್ರವ್ಯ ಯಾವುದನ್ನೂ ಬಿಡಲಿಲ್ಲ. ನೂರು ವರ್ಷದ ಬಳಿಕ ಕಲ್ಯಾಣದ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ಆನೆ ಕುದುರೆಗಳ ಲಕ್ಷಣ ಹೇಳಿದ, ಚಿತ್ರ ಬರೆಯಲು ಗೋಡೆಯನ್ನು ಹದಮಾಡುವ ಬಗೆಯನ್ನೂ ಹೇಳಿದ. ಆದರೆ ಬಾನೆಟ್ ಮೇಲೆ ಬಿದ್ದ ಕಾಗೆ ಹಿಕ್ಕೆಯನ್ನು ತೆಗೆಯುವುದು ಹೇಗೆಂಬ ಬಗ್ಗೆ ಇಬ್ಬರೂ ಚಕಾರ ಎತ್ತಿಲ್ಲ. ಸಾವಿರ ವರ್ಷಗಳಿಂದ ಹಾಗೇ ಉಳಿದಿರುವ ಈ ಕೊರತೆಯನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಆ ಕಾಲದಲ್ಲಿ ಕಾರುಗಳ ಬಳಕೆ ಅಷ್ಟಾಗಿ ಇರಲಿಲ್ಲ ಎಂಬ ಆಕ್ಷೇಪ ನಮ್ಮ ಗಮನಕ್ಕೆ ಬಂದಿದೆ. ಅದನ್ನು ನಾವು ಗಂಭೀರವಾಗಿ ಪರಿಗಣಿಸಿಲ್ಲ.

ಅಧ್ಯಯನದ ಕ್ಷೇತ್ರ: ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ನೆಲಮಾಳಿಗೆ, ಅದರ ಮುಂದಿನ ರಸ್ತೆ, ಆ ರಸ್ತೆಯ ಮರಗಳು. ಕಾಲ: ಬೆಳಗಿನ ಜಾವ. ಆಕರಗಳು: ವಾಚ್‌ಮನ್, ಕಾರು ತೊಳೆಯುವ ಹುಡುಗ, ಮತ್ತು ಮಡಚಿದ ಪೇಪರ್ ಕಂಕುಳಲ್ಲಿಟ್ಟುಕೊಂಡು ಇಬ್ಬರಿಗೂ ಸಲಹೆ ಕೊಡುವ ಒಬ್ಬ ನಿವೃತ್ತ ಹಿರಿಯರು. ಮೂರನೆಯ ಆಕರ ಕೇಳದೆಯೇ ಮಾಹಿತಿ ಒದಗಿಸಿತು.

ಪಂಚಕೋಶ ವಿವೇಕ

ತೈತ್ತಿರೀಯ ಉಪನಿಷತ್ತಿನ ದೇಹಕ್ಕೆ ಐದು ಕೋಶ. ಕಾರ್ಖಾನೆಯಿಂದ ಬಂದ ಕಾರಿಗೂ ಎಣಿಸಿದರೆ ಐದೇ. ತಗಡಿಗೆ ಅಂಟಿಕೊಂಡಿರುವ ಸತುವಿನ ಫಾಸ್ಫೇಟ್ ಲೇಪ ಮೊದಲನೆಯದು. ಇಡೀ ಒಡಲನ್ನೇ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹರಿಸಿ ಹಿಡಿಸುವ ಎಲೆಕ್ಟ್ರೋಕೋಟ್ ಎರಡನೆಯದು. ತುಕ್ಕನ್ನು ತಡೆಯುವ ನಿಜವಾದ ಕಾವಲುಗಾರ ಇದೇ. ಅದರ ಮೇಲೆ ಪ್ರೈಮರ್. ಅದರ ಮೇಲೆ ನಾವು ಶೋರೂಮಿನಲ್ಲಿ ಮನೆಮಂದಿಯೆಲ್ಲ ಜಗಳವಾಡಿ ಆರಿಸಿದ ಬಣ್ಣದ ಬೇಸ್ ಕೋಟ್. ಎಲ್ಲಕ್ಕೂ ಮೇಲೆ ಬಣ್ಣವೇ ಇಲ್ಲದ, ಹೊಳಪಷ್ಟೇ ಇರುವ ಕ್ಲಿಯರ್ ಕೋಟ್. ಉಪನಿಷತ್ತಿನಲ್ಲಿ ಆನಂದಮಯ ಕೋಶ ಎಲ್ಲಕ್ಕಿಂತ ಒಳಗಿದೆ, ಕಾರಿನಲ್ಲಿ ಎಲ್ಲಕ್ಕಿಂತ ಹೊರಗಿದೆ. ಅದಕ್ಕೇ ಋಷಿಗಳ ಆನಂದಕ್ಕೆ ಗೀರು ಬೀಳಲಿಲ್ಲ, ನಮ್ಮದಕ್ಕೆ ಪ್ರತಿ ವಾರ ಬೀಳುತ್ತದೆ.

ಈ ಐದೂ ಕೋಶ ಸೇರಿ ದಪ್ಪ ಎಷ್ಟು? ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಒಂದು ಮಿಲಿಮೀಟರಿಗೆ 1000 ಮೈಕ್ರಾನ್. ಅದರಲ್ಲಿ ಕ್ಲಿಯರ್ ಕೋಟಿನ ಪಾಲು ಸುಮಾರು 40ರಿಂದ 50. ನೆರೆಯವರ ಕಣ್ಣು ಕುಕ್ಕುವ ಹೊಳಪು, ಮಾರುವಾಗ ಸಿಗುವ ಬೆಲೆ, ಪಾರ್ಕಿಂಗಿನಲ್ಲಿ ಯಾರೋ ಉಜ್ಜಿದಾಗ ಏರುವ ರಕ್ತದೊತ್ತಡ ಎಲ್ಲವೂ ಈ 40 ಮೈಕ್ರಾನ್ ಒಳಗೇ ನಡೆಯುವ ವ್ಯವಹಾರ. ಮೆಷಿನ್ ಪಾಲಿಶ್ ಮಾಡಿಸಿದಾಗಲೆಲ್ಲ ಗೀರು ಮಾಯವಾಗುವುದು ಅದು ತುಂಬಿಕೊಂಡಿದ್ದರಿಂದಲ್ಲ, ಅದರ ಸುತ್ತಲಿನ ಪದರವನ್ನೇ ಗೀರಿನ ಆಳಕ್ಕೆ ಸವೆಸಿದ್ದರಿಂದ. ಹಬ್ಬಕ್ಕೊಮ್ಮೆ ಪಾಲಿಶ್ ಮಾಡಿಸುವವರು ಹಬ್ಬಕ್ಕೊಮ್ಮೆ ಆನಂದಮಯ ಕೋಶವನ್ನು ತೆಳ್ಳಗಾಗಿಸುತ್ತಿದ್ದಾರೆ.

ಪೂರ್ವಪಕ್ಷ: ಒಣಬಟ್ಟೆ ಪಂಥ

ಕರ್ನಾಟಕದಲ್ಲಿ ಅತಿ ಹೆಚ್ಚು ಅನುಯಾಯಿಗಳಿರುವ ಪಂಥ ಇದು. ಇವರ ಮತ ಸರಳ: ಧೂಳು ಕಂಡಿತೋ, ಒರೆಸು. ಹಳದಿ ಬಟ್ಟೆ, ಹಳೆಯ ಬನಿಯನ್, ಡಿಕ್ಕಿಯಲ್ಲಿ ವರ್ಷಗಟ್ಟಲೆ ಬಿದ್ದಿರುವ ಕುಚ್ಚಿನ ಡಸ್ಟರ್ ಇವರ ಸಾಧನಗಳು. ಆಫೀಸಿಗೆ ಹೊರಡುವ ಮುನ್ನ ಬಾನೆಟ್ ಮೇಲೆ ನಾಲ್ಕು ಸುತ್ತು ಜೋರಾಗಿ ಉಜ್ಜಿದರೆ ನಿತ್ಯಕರ್ಮ ಮುಗಿಯಿತು.

ಈ ಮತದ ಖಂಡನೆಗೆ ಜರ್ಮನಿಯ ಫ್ರೀಡ್ರಿಕ್ ಮೋಸ್ ಸಾಕು. ಖನಿಜಗಳ ಗಡಸುತನವನ್ನು ಒಂದರಿಂದ ಹತ್ತರವರೆಗೆ ಅಳೆಯುವ ಪಟ್ಟಿಯನ್ನು ಆತ 1812ರಲ್ಲಿ ಮಾಡಿದ. ಅದರಲ್ಲಿ ಬೆಣಚುಕಲ್ಲಿಗೆ ಏಳನೆಯ ಸ್ಥಾನ, ವಜ್ರಕ್ಕೆ ಹತ್ತು. ರಸ್ತೆಯ ಧೂಳಿನಲ್ಲಿ ಇರುವುದು ಬಹುಪಾಲು ಮರಳು, ಅಂದರೆ ಬೆಣಚಿನ ಪುಡಿ. ಕ್ಲಿಯರ್ ಕೋಟ್ ಒಂದು ಬಗೆಯ ಪ್ಲಾಸ್ಟಿಕ್. ಒಣಬಟ್ಟೆಯಲ್ಲಿ ಒರೆಸುವುದೆಂದರೆ ಚಾಕುವಿಗಿಂತ ಗಡುಸಾದ ಪುಡಿಯನ್ನು ಬಟ್ಟೆಯ ಕೆಳಗಿಟ್ಟು ಪ್ಲಾಸ್ಟಿಕ್ ಉಜ್ಜುವುದು. ರಾತ್ರಿ ಪೆಟ್ರೋಲ್ ಬಂಕಿನ ದೀಪದಡಿ ನಿಂತು ಬಾನೆಟ್ಟನ್ನು ಓರೆಯಾಗಿ ನೋಡಿ: ದೀಪದ ಪ್ರತಿಬಿಂಬದ ಸುತ್ತ ಜೇಡರಬಲೆಯಂತೆ ಸುತ್ತುಸುತ್ತು ಗೆರೆ ಕಾಣುತ್ತದೆ. ಅದು ಧೂಳು ಮಾಡಿದ್ದಲ್ಲ. ಧೂಳು ತನ್ನಷ್ಟಕ್ಕೆ ಕುಳಿತಿತ್ತು, ಬಣ್ಣಕ್ಕೆ ಅದರಿಂದ ಏನೂ ಆಗುತ್ತಿರಲಿಲ್ಲ. ಗೀರಿದ್ದು ಒರೆಸಿದವರು. ಈ ಪ್ರಬಂಧದ ಸಿದ್ಧಾಂತ ಇದೊಂದೇ: ಕಾರಿನ ಬಣ್ಣ ಹೆಚ್ಚಾಗಿ ಕೆಡುವುದು ಕೊಳೆಯಿಂದಲ್ಲ, ಶುಚಿಯ ಹುಚ್ಚಿನಿಂದ. ಉಳಿದದ್ದೆಲ್ಲ ವ್ಯಾಖ್ಯಾನ.

ಬಕೆಟ್ ವಿವಾದ

ಕ್ಷೇತ್ರಕಾರ್ಯದ ವೇಳೆ ಕಾರು ತೊಳೆಯುವ ಹುಡುಗನೊಡನೆ ನಡೆದ ಸಂವಾದವನ್ನು ಇದ್ದಂತೆಯೇ ಕೊಡುತ್ತೇವೆ.

“ಏನಪ್ಪಾ, ಈ ಒಂದು ಬಕೆಟ್ ನೀರಲ್ಲಿ ಎಷ್ಟು ಕಾರು ಮುಗಿಸ್ತೀಯ?”

“ಲೈನಲ್ಲಿರೋದೆಲ್ಲ ಸಾರ್. ಮೊದ್ಲು ಬಿಳಿ ಗಾಡಿ, ಆಮೇಲೆ ಸಿಲ್ವರು, ಲಾಸ್ಟಿಗೆ ಕಪ್ಪು. ನೀರು ಕಪ್ಪಾಗೋ ಹೊತ್ತಿಗೆ ಕಪ್ಪು ಗಾಡಿ ಬಂದಿರುತ್ತೆ.”

ಇಂಥ ಸುಸಂಬದ್ಧ ದರ್ಶನವನ್ನು ನಾವು ವಿಶ್ವವಿದ್ಯಾಲಯಗಳಲ್ಲೂ ಕಂಡಿಲ್ಲ. ಫೋರ್ಡ್ ಕಂಪನಿ 1914ರಿಂದ 1925ರವರೆಗೆ ಮಾಡೆಲ್ ಟಿ ಕಾರನ್ನು ಕಪ್ಪು ಬಣ್ಣದಲ್ಲಷ್ಟೇ ಮಾರಿತು. ಆ ಕಾಲದಲ್ಲಿ ಈ ಹುಡುಗನ ವರ್ಣಕ್ರಮ ಸಾಧ್ಯವೇ ಆಗುತ್ತಿರಲಿಲ್ಲ. ದರ್ಶನದಲ್ಲಿ ದೋಷ ಒಂದೇ. ಗೀರು ಎಲ್ಲಕ್ಕಿಂತ ಹೆಚ್ಚಾಗಿ ಎದ್ದು ಕಾಣುವುದು ಕಪ್ಪು ಕಾರಿನ ಮೇಲೆ, ಬಕೆಟ್ಟಿನಲ್ಲಿ ಮರಳು ಎಲ್ಲಕ್ಕಿಂತ ಹೆಚ್ಚಾಗಿ ಇರುವುದು ಕಪ್ಪು ಕಾರಿನ ಸರದಿ ಬಂದಾಗ.

ಇಲ್ಲಿಂದಲೇ ಮತಭೇದ ಹುಟ್ಟುತ್ತದೆ. ಏಕಬಕೆಟ್ ವಾದಿಗಳು ಅದ್ವೈತಿಗಳು. ತೊಳೆಯುವ ನೀರು, ತೊಳೆದ ನೀರು ಎಂಬ ಭೇದವೇ ಮಿಥ್ಯೆ, ಎಲ್ಲವೂ ಕೊನೆಗೆ ಒಂದೇ ಬಕೆಟ್ಟಿನಲ್ಲಿ ಲೀನ ಎನ್ನುತ್ತಾರೆ. ದ್ವಿಬಕೆಟ್ ವಾದಿಗಳು ಭೇದ ಸತ್ಯ ಎನ್ನುವವರು. ಉಡುಪಿಯ ಮಧ್ವಾಚಾರ್ಯರು 13ನೆಯ ಶತಮಾನದಲ್ಲಿ ಸಾರಿದ ಪಂಚಭೇದದಲ್ಲಿ ಐದನೆಯದು ಜಡಕ್ಕೂ ಜಡಕ್ಕೂ ಇರುವ ಭೇದ. ಶಾಂಪೂ ಬಕೆಟ್ಟಿಗೂ ಜಾಲಿಸುವ ಬಕೆಟ್ಟಿಗೂ ಇರುವ ಭೇದ ಈ ವರ್ಗಕ್ಕೆ ಸೇರುತ್ತದೆಂದು ನಮ್ಮ ವಿನಮ್ರ ಅಭಿಪ್ರಾಯ. ಮಠಗಳು ಈ ಬಗ್ಗೆ ಇನ್ನೂ ಪ್ರತಿಕ್ರಿಯಿಸಿಲ್ಲ. ಬಕೆಟ್ಟಿನ ತಳದಲ್ಲಿ ಜಾಲರಿ ಇಟ್ಟು, ಮರಳು ಅದರಡಿ ತಂಗುವಂತೆ ಮಾಡುವ ವಿಶಿಷ್ಟಾದ್ವೈತಿಗಳೂ ಕೆಲವರಿದ್ದಾರೆ.

ಪಂಥ ಬಿಟ್ಟು ಪ್ರಯೋಗಕ್ಕೆ ಬಂದರೆ ದ್ವೈತವೇ ಗೆಲ್ಲುತ್ತದೆ. ಮೊದಲು ಜಗ್ಗಿನಲ್ಲಿ ನೀರು ಸುರಿದು ಸಡಿಲ ಧೂಳನ್ನು ಇಳಿಸಬೇಕು. ಆಮೇಲೆ ಒಂದು ಬಕೆಟ್ಟಿನ ಕಾರ್ ಶಾಂಪೂವಿನಲ್ಲಿ ಬಟ್ಟೆ ಅದ್ದಿ, ಮೇಲಿನಿಂದ ಕೆಳಕ್ಕೆ ಒಂದು ಭಾಗ ಒರೆಸಿ, ಇನ್ನೊಂದು ಬಕೆಟ್ಟಿನಲ್ಲಿ ಜಾಲಿಸಿ, ಮತ್ತೆ ಮೊದಲನೆಯದಕ್ಕೆ ಬರಬೇಕು. ಬಟ್ಟೆ ಮೈಕ್ರೋಫೈಬರ್ ಆದರೆ ಒಳ್ಳೆಯದು, ಅದರ ಎಳೆಗಳ ನಡುವೆ ಮರಳು ಸೇರಿಕೊಂಡು ಬಣ್ಣದಿಂದ ದೂರ ಉಳಿಯುತ್ತದೆ. ಚಕ್ರಕ್ಕೆ ಮುಟ್ಟಿಸಿದ ಬಟ್ಟೆ ಬಾಗಿಲಿಗೆ ಮುಟ್ಟಿಸಿದರೆ ಬ್ರೇಕಿನ ಕಬ್ಬಿಣದ ಪುಡಿಯನ್ನು ಬಾಗಿಲಿಗೆ ತಿಕ್ಕಿದಂತೆಯೇ ಸರಿ. ಈ ಮಡಿ ಮೈಲಿಗೆಗೆ ಮಾತ್ರ ವೈಜ್ಞಾನಿಕ ಆಧಾರವಿದೆ. ಪಾತ್ರೆ ತಿಕ್ಕುವ ಲಿಕ್ವಿಡ್ ಕುಕ್ಕರಿನ ಜಿಡ್ಡನ್ನು ತೆಗೆಯುವಷ್ಟೇ ಶ್ರದ್ಧೆಯಿಂದ ಕಾರಿನ ಮೇಣವನ್ನೂ ತೆಗೆದುಹಾಕುತ್ತದೆ, ಹಾಗಾಗಿ ಅದು ಅಡುಗೆಮನೆಯಲ್ಲೇ ಇರಲಿ.

ಪೈಪು ಬಿಟ್ಟು ತೊಳೆಯುವವರ ಪಂಥವೂ ಒಂದಿತ್ತು. 2024ರ ಮಾರ್ಚಿನಲ್ಲಿ ನೀರಿಗೆ ಹಾಹಾಕಾರವೆದ್ದಾಗ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5000 ರೂಪಾಯಿ ದಂಡ ಎಂದು ಆಜ್ಞೆ ಹೊರಡಿಸಿತು. ಆಗ ಆ ಪಂಥದ ಬಹಳಷ್ಟು ಮಂದಿ ರಾತ್ರೋರಾತ್ರಿ ಮತಾಂತರಗೊಂಡು ಬಕೆಟ್ ಹಿಡಿದರು. ಇನ್ನು ಕೆಲವರು ಬೋರ್‌ವೆಲ್ ನೀರಿಗೆ ಶರಣಾದರು. ಅದರ ಗಡಸುತನ ಬೇರೆ ಕಥೆ: ಬಿಸಿಲಿನಲ್ಲಿ ತೊಳೆದು ತಾನಾಗಿ ಒಣಗಲು ಬಿಟ್ಟರೆ ನೀರು ಹೋಗಿ ಸುಣ್ಣದ ಬಿಳಿ ಉಂಗುರಗಳು ಉಳಿಯುತ್ತವೆ. ನೆರಳಿನಲ್ಲಿ ತೊಳೆದು, ಒಣ ಟವೆಲನ್ನು ಉಜ್ಜದೆ ಹಾಸಿ ಎತ್ತಿದರೆ ಉಂಗುರವಿಲ್ಲ.

ಧೂಳುಶಾಸನಗಳು

ಹಲ್ಮಿಡಿ ಶಾಸನ ಸುಮಾರು ಕ್ರಿ.ಶ. 450ರದು, ಕಲ್ಲಿನ ಮೇಲಿದೆ. ಡಿಕ್ಕಿಯ ಮೇಲಿನ ‘ನನ್ನನ್ನು ತೊಳೆಯಿರಿ’ ಶಾಸನ ಕಳೆದ ಮಂಗಳವಾರದ್ದು, ಧೂಳಿನಲ್ಲಿದೆ. ಬಿ.ಎಲ್. ರೈಸ್ 1886ರಲ್ಲೇ ‘ಎಪಿಗ್ರಾಫಿಯ ಕರ್ನಾಟಿಕ’ದ ಮೊದಲ ಸಂಪುಟ ಹೊರತಂದರೂ ಈ ವರ್ಗದ ಶಾಸನಗಳಿಗೆ ಇಂದಿಗೂ ಒಂದು ಸಂಪುಟವಿಲ್ಲ. ನಮ್ಮ ನೆಲಮಾಳಿಗೆಯೊಂದರಲ್ಲೇ ಹೃದಯವನ್ನು ಭೇದಿಸಿದ ಬಾಣ, ಅಪೂರ್ಣ ಗುಣಾಕಾರದ ಲೆಕ್ಕ, ‘ಈ ಸಲ ಕಪ್ ನಮ್ದೇ’ ಮೊದಲಾದವು ದೊರೆತಿವೆ. ಕೊನೆಯದರ ಕಾಲನಿರ್ಣಯ ಕಷ್ಟ, ಏಕೆಂದರೆ ಪ್ರತಿ ಬೇಸಿಗೆಯಲ್ಲೂ ಅದರ ಹೊಸ ಪ್ರತಿ ಸಿಗುತ್ತದೆ. ಬೆಂಗಳೂರಿನ ಕ್ರಿಕೆಟ್ ತಂಡ ಕೊನೆಗೂ ಕಪ್ ಗೆದ್ದ 2025ರ ಜೂನಿಗಿಂತ ಹಿಂದಿನದಾದರೆ ಅದನ್ನು ಭವಿಷ್ಯವಾಣಿ ಎಂದೂ ಆಮೇಲಿನದಾದರೆ ಪ್ರಶಸ್ತಿ ಎಂದೂ ವಿಂಗಡಿಸಿದ್ದೇವೆ.

ಹಳೆಯ ದಾನಶಾಸನಗಳ ಕೊನೆಯಲ್ಲಿ, ಇದನ್ನು ಅಳಿಸಿದವರಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ಎಂಬ ಶಾಪವಿರುತ್ತದೆ. ಧೂಳುಶಾಸನಕಾರರು ಹಾಗೆ ಬರೆಯುವುದಿಲ್ಲ, ಆದರೂ ಫಲ ತಪ್ಪುವುದಿಲ್ಲ. ಬರೆದವನು ಮರಳನ್ನು ಒತ್ತಿ ಬೆರಳಗಲ ಗೀರಿರುತ್ತಾನೆ. ಅದನ್ನು ಕಂಡು ಕೆರಳಿ ಅಂಗೈಯಲ್ಲಿ ಒಣಗೇ ಉಜ್ಜುವ ಮಾಲೀಕ ಅಂಗೈಯಗಲ ಗೀರುತ್ತಾನೆ. ತೊಳೆದ ಮೇಲೂ ಸಂಜೆಯ ಓರೆ ಬಿಸಿಲಿನಲ್ಲಿ ಅಕ್ಷರಗಳನ್ನು ಸ್ಪಷ್ಟವಾಗಿ ಓದಬಹುದು. ಶಾಸನ ಸಂರಕ್ಷಣೆಯ ದೃಷ್ಟಿಯಿಂದ ಇದು ಸ್ವಾಗತಾರ್ಹ.

ನೆರಳಿನ ಪ್ರಶ್ನೆ

ಕಾರನ್ನು ಬಿಸಿಲಿಗೆ ಬಿಟ್ಟರೆ ಬಣ್ಣ ಮಾಸುತ್ತದೆ, ಮರದಡಿ ಬಿಟ್ಟರೆ ಹಕ್ಕಿ ಹಿಕ್ಕೆ ಹಾಕುತ್ತದೆ. ಈ ಉಭಯಸಂಕಟಕ್ಕೆ ಯಾರನ್ನಾದರೂ ಹೊಣೆ ಮಾಡಲೇಬೇಕೆಂದರೆ ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಸಿಗುತ್ತಾರೆ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಈ ಜರ್ಮನ್ ತೋಟಗಾರಿಕೆ ತಜ್ಞರು, ಒಂದು ಮರದ ಹೂವು ಮುಗಿಯುವ ಹೊತ್ತಿಗೆ ಇನ್ನೊಂದು ಅರಳುವಂತೆ ಬೆಂಗಳೂರಿನ ಬೀದಿಗಳಿಗೆ ಮರಗಳನ್ನು ಆರಿಸಿದರು. ಹೂವಿನ ಲೆಕ್ಕ ಸರಿಯಾಗಿಯೇ ಇತ್ತು. ವರ್ಷವಿಡೀ ಹೂವು ಬಿಟ್ಟರೆ ವರ್ಷವಿಡೀ ಹಕ್ಕಿ ಕೂರುತ್ತದೆ, ಅಡಿಯಲ್ಲಿ ಕಾರು ನಿಲ್ಲುತ್ತದೆ ಎಂಬ ಲೆಕ್ಕ ಮಾತ್ರ ಅವರ ನಕ್ಷೆಯಲ್ಲಿ ಇರಲಿಲ್ಲ.

ಹಿಕ್ಕೆಯ ಕೆಲಸವನ್ನು ಹತ್ತಿರದಿಂದ ನೋಡಬೇಕು. ಅದರ ಬಿಳಿಯ ಭಾಗ ಯೂರಿಕ್ ಆಮ್ಲ. ಬಿಸಿಲಿಗೆ ಬಣ್ಣದ ಪದರ ಹಿಗ್ಗಿ ಮೆತ್ತಗಾಗುತ್ತದೆ, ಹಿಕ್ಕೆ ಒಣಗಿ ಗಟ್ಟಿಯಾಗುತ್ತದೆ. ಸಂಜೆ ತಂಪಾದಾಗ ಪದರ ಕುಗ್ಗಿ ಆ ಗಟ್ಟಿ ಹೆಪ್ಪಿನ ಏರುತಗ್ಗಿಗೆ ತಕ್ಕಂತೆ ಅಚ್ಚಾಗಿಬಿಡುತ್ತದೆ. ಆಮೇಲೆ ಎಷ್ಟು ತೊಳೆದರೂ ಮಂಕು ಕಲೆ ಉಳಿಯುವುದು ಅದಕ್ಕೇ. ಉಗುರಿನಿಂದ ಕೆರೆಯುವುದು ಇನ್ನೂ ಕೇಡು, ಹಿಕ್ಕೆಯೊಳಗೆ ಬೀಜ, ಮರಳಿನ ಚೂರು ಇರುತ್ತವೆ. ಒದ್ದೆ ಬಟ್ಟೆಯನ್ನು ಅದರ ಮೇಲೆ ಐದಾರು ನಿಮಿಷ ಹಾಸಿಟ್ಟು, ನೆನೆದ ಮೇಲೆ ಮೆಲ್ಲಗೆ ಎತ್ತಿಕೊಂಡರೆ ಮುಗಿಯಿತು. ಕಂಡ ದಿನವೇ ಮಾಡಬೇಕು, ಭಾನುವಾರಕ್ಕೆ ಕಾಯಬಾರದು. ಮರದ ಅಂಟು, ರಸ್ತೆಯ ಡಾಂಬರಿನ ಚುಕ್ಕೆಗೆ ಮಲೆನಾಡಿನ ಅಜ್ಜಿಯರ ಉಪಾಯವೇ ಸಾಕು. ಹಲಸಿನಹಣ್ಣು ಬಿಡಿಸುವ ಮುನ್ನ ಕೈಗೆ ಹಚ್ಚಿಕೊಳ್ಳುವ ಕೊಬ್ಬರಿ ಎಣ್ಣೆ ಕಾರಿನ ಮೇಲಿನ ಅಂಟನ್ನೂ ಸಡಿಲಿಸುತ್ತದೆ. ಆಮೇಲೆ ಶಾಂಪೂ ಹಾಕಿ ಜಿಡ್ಡು ತೆಗೆಯಿರಿ.

ನೆಲಮಾಳಿಗೆಯೇ ಕ್ಷೇಮ ಎಂದುಕೊಂಡವರು ತಲೆ ಎತ್ತಿ ಚಾವಣಿ ನೋಡಲಿ. ಕಾಂಕ್ರೀಟಿನ ಬಿರುಕಿನಿಂದ ತೊಟ್ಟಿಕ್ಕುವ ನೀರು ಸುಣ್ಣವನ್ನು ಹೊತ್ತು ತಂದು ಕಾರಿನ ನೆತ್ತಿಯ ಮೇಲೆ ಬಿಳಿ ಗೆರೆ ಎಳೆಯುತ್ತದೆ. ಇದರ ಪರಿಹಾರ ನಿವಾಸಿಗಳ ಸಂಘದ ಮಹಾಸಭೆಯಲ್ಲಿದೆ, ಆದ್ದರಿಂದ ಪರಿಹಾರವಿಲ್ಲ. ಕಾರನ್ನೇ ಎರಡಡಿ ಈಚೆಗೆ ನಿಲ್ಲಿಸಿ.

ಲೇಪನಖಂಡ

ಮೇಣ, ಸೆರಾಮಿಕ್, ಫಿಲ್ಮ್ ಎಂದು ಲೇಪನ ಮೂರು ಬಗೆ. ಮೇಣಗಳಲ್ಲಿ ಹೆಸರಾದ ಕಾರ್ನೌಬಾ ಬ್ರೆಜಿಲಿನ ಒಂದು ತಾಳೆ ಜಾತಿಯ ಮರದ ಎಲೆಯಿಂದ ಬರುತ್ತದೆ. ಕರಗಲು 80 ಡಿಗ್ರಿಗೂ ಮೇಲಿನ ಶಾಖ ಬೇಕು, ಹಾಗಾಗಿ ನಮ್ಮ ಬಿಸಿಲಿಗೆ ಕರಗಿಹೋಗುವ ಭಯವಿಲ್ಲ. ಕೆಲವು ತಿಂಗಳಿಗೊಮ್ಮೆ ಮನೆಯಲ್ಲೇ ಹಚ್ಚಬಹುದು, ಖರ್ಚು ಕಡಿಮೆ. ಸೆರಾಮಿಕ್ ಕೋಟಿಂಗಿನಲ್ಲಿ ಸಿಲಿಕಾ ಇರುತ್ತದೆ. ಅದು ಹೆಚ್ಚು ಕಾಲ ನಿಲ್ಲುತ್ತದೆ, ನೀರು ಮಣಿಗಟ್ಟಿ ಜಾರುತ್ತದೆ. ಆದರೆ ಅದನ್ನು ಹಚ್ಚಿಸಿದ ಮರುದಿನವೇ ‘ಇನ್ನು ತೊಳೆಯಬೇಕಾಗಿಲ್ಲ’ ಎಂದು ಒಣಬಟ್ಟೆ ಪಂಥಕ್ಕೆ ಮರಳಿದವರನ್ನೂ ಕಂಡಿದ್ದೇವೆ. ಹಾರುವ ಜಲ್ಲಿಕಲ್ಲಿಗಂತೂ ಅದು ಅಡ್ಡಬರುವುದಿಲ್ಲ. ಕಲ್ಲನ್ನು ತಡೆಯುವುದು ಪಾರದರ್ಶಕ ಫಿಲ್ಮ್. ಅದರ ದಪ್ಪ ಸುಮಾರು 150ರಿಂದ 200 ಮೈಕ್ರಾನ್, ಅಂದರೆ ತಾನು ಕಾಯುವ ಐದೂ ಕೋಶಗಳಿಗಿಂತ ಹೆಚ್ಚು. ಸಿರಿವಂತರಿಗೆ ಅದು ಸರಿ. ಉಳಿದವರಿಗೆ ಮೇಣ ಸಾಕೆಂಬುದು ಈ ಪೀಠದ ತೀರ್ಪು.

ಕಾರಿಗೆ ಹೊದಿಸುವ ಕವರಿನ ಬಗ್ಗೆ ಒಂದೇ ಮಾತು. ಧೂಳಿರುವ ಕಾರಿಗೆ ಹೊದಿಸಿದರೆ ಗಾಳಿ ಬೀಸಿದಾಗಲೆಲ್ಲ ಅದೇ ಒಣಬಟ್ಟೆಯಾಗಿ ರಾತ್ರಿಯಿಡೀ ಒರೆಸುತ್ತಿರುತ್ತದೆ.

ಆಯುಧಪೂಜೆಯನ್ನು ಚರ್ಚಿಸದೆ ಈ ಶಾಸ್ತ್ರ ಪೂರ್ಣವಾಗದು. ಆ ದಿನ ಕಾರಿಗೆ ವಿಭೂತಿ, ಕುಂಕುಮ, ಗಂಧ, ಬಾಳೆಕಂದು, ಹಾರ, ಚಕ್ರದಡಿ ನಿಂಬೆಹಣ್ಣು, ಎದುರಿಗೆ ಒಡೆದ ಬೂದುಗುಂಬಳ. ಭಕ್ತಿಗೆ ನಮ್ಮ ತಕರಾರಿಲ್ಲ. ತಕರಾರಿರುವುದು ಹಾರದ ಬೈಂಡಿಂಗ್ ವೈರು ಗ್ರಿಲ್ಲಿನಿಂದ ಬಾನೆಟ್ಟಿಗೆ ಉಜ್ಜುತ್ತಾ ದೀಪಾವಳಿಯವರೆಗೂ ಅಲ್ಲೇ ಇರುವುದಕ್ಕೆ, ಒಣಗಿದ ಕುಂಕುಮವನ್ನು ಮೂರನೆಯ ದಿನ ಬಟ್ಟೆಯಲ್ಲಿ ಗಸಗಸ ತಿಕ್ಕುವುದಕ್ಕೆ. ಹಾರವನ್ನು ದಾರದಲ್ಲಿ ಕಟ್ಟಿಸಿ, ವಿಜಯದಶಮಿಯ ಮಾರನೆಯ ದಿನ ನೀರು ಸುರಿದು ಕುಂಕುಮವನ್ನು ಇಳಿಸಿದರೆ ದೇವಿಯೂ ಬೇಡವೆನ್ನುವುದಿಲ್ಲ.

ಕಾರು ತೊಳೆಯುವ ಹುಡುಗನಿಗೆ ಇನ್ನೊಂದು ಬಕೆಟ್, ಮೂರು ಮೈಕ್ರೋಫೈಬರ್ ಬಟ್ಟೆ ಕೊಡಿಸಿ, ತಿಂಗಳ ಕೂಲಿಯನ್ನೂ ಒಂದಿಷ್ಟು ಹೆಚ್ಚಿಸಿ, ಸೆರಾಮಿಕ್‌ಗಿಂತ ಅಗ್ಗವಾಗುತ್ತದೆ. ಓದಿ ಮುಗಿಸಿದ ಮೇಲೆ ಈ ಹಾಳೆಗಳಿಂದ ಕಾರಿನ ಗಾಜು ಒರೆಸಿಕೊಳ್ಳಲು ಲೇಖಕರ ಅಭ್ಯಂತರವಿಲ್ಲ. ದಯವಿಟ್ಟು ಬಾನೆಟ್ ಒರೆಸಬೇಡಿ.