ಮಾಹೋಲ್ ಕಾಕಾ

ಅಕ್ಟೋಬರ್ ಬಂತೆಂದರೆ ಬೆಳಗಾವಿ ಪಕ್ಕದ ಪೀರನವಾಡಿಯಲ್ಲಿ ಯಾರಿಗೂ ಪುರಸೊತ್ತಿಲ್ಲ. ಗದ್ದೆಯಿದ್ದವರಿಗೆ ಭತ್ತದ ಕೊಯ್ಲಿನ ಚಿಂತೆ, ಹೆಂಗಸರಿಗೆ ಫರಾಳಕ್ಕೆ ಹಿಟ್ಟು ಬೀಸಿಸುವ ಗಡಿಬಿಡಿ, ಹುಡುಗರಿಗೆ ದೀಪಾವಳಿಗೆ ಶಿವಾಜಿ ಮಹಾರಾಜರ ಕಿಲ್ಲಾ ಕಟ್ಟಲು ಕೆಮ್ಮಣ್ಣು ಹೊರುವ ಕೆಲಸ. ಮಾಹೋಲ್ ಕಾಕಾಗೆ ದೆವ್ವ ಆರಿಸುವ ಕೆಲಸ.

ಅವರ ಖರೆ ಹೆಸರು ರೇಷನ್ ಕಾರ್ಡಿನಲ್ಲಿದೆ, ಓಣಿಯಲ್ಲಿ ಅದರ ಅಗತ್ಯ ಯಾರಿಗೂ ಬಿದ್ದಿಲ್ಲ. ಯಾವ ಸಿನಿಮಾದ ಹೆಸರು ಹೇಳಿದರೂ "ಅದರಾಗ ಮಾಹೋಲ್ ಇಲ್ಲೋ ತಮ್ಮಾ" ಎಂದು ಕೈ ಝಾಡಿಸುತ್ತಾರೆ. ಮಾಹೋಲ್ ಅಂದರೆ ವಾತಾವರಣ. ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಅವರದು ಇನ್‌ಸ್ಪೆಕ್ಷನ್ ಕೆಲಸ. ಕಾಸ್ಟಿಂಗ್ ಎತ್ತಿ ತಿರುವಿ ನೋಡುವುದು, ಬ್ಲೋಹೋಲ್ ಕಂಡರೆ ಕೆಂಪು ಬಣ್ಣ ಹಚ್ಚಿ ಪಕ್ಕಕ್ಕೆ ಒಗೆಯುವುದು. ಇಪ್ಪತ್ತೈದು ವರ್ಷ ಅದನ್ನೇ ಮಾಡಿದ ಕಣ್ಣು ಮನೆಗೆ ಬಂದ ಮೇಲೂ ಸುಮ್ಮನಿರುವುದಿಲ್ಲ. ಹೆಂಡತಿ, ಅಂದರೆ ನಮ್ಮ ಕಾಕು, ಮಾಡಿದ ರೊಟ್ಟಿಯಲ್ಲೂ ಒಮ್ಮೆ ಬ್ಲೋಹೋಲ್ ಹುಡುಕಿದ್ದರಂತೆ. ಆಮೇಲೆ ಎರಡು ದಿನ ಉದ್ಯಮಬಾಗದ ಕ್ಯಾಂಟೀನಿನಲ್ಲೇ ಊಟ.

ಅವರಿಗೆ ಹ್ಯಾಲೋವೀನ್ ಹುಚ್ಚು ಹಿಡಿಸಿದವನು ಪುಣೆಯಲ್ಲಿರುವ ಅಣ್ಣನ ಮಗ. ಕಂಪನಿಯಲ್ಲಿ ಕುಂಬಳಕಾಯಿಗೆ ಕಣ್ಣು ಮೂಗು ಕೆತ್ತಿ ಒಳಗೆ ದೀಪ ಇಟ್ಟ ಫೋಟೋ ಕಳಿಸಿದ್ದ. ಕಾಕಾನ ಅವ್ವ, ಓಣಿಗೆಲ್ಲ ಅಜ್ಜಿ, ಮೊಬೈಲು ದೂರ ಹಿಡಿದು ನೋಡಿ, "ಪಲ್ಯಾ ಮಾಡೂದ ಬಿಟ್ಟು ಇದೇನ ಹಾಳ ಮಾಡ್ಯಾನವ್ವಾ" ಅಂದರು. ಕಾಕಾ ಬಿಡಲಿಲ್ಲ. "ಖಂಡೇಪೂಜಿ ದಿನ ಮಷೀನ್ ಮುಂದ ನಾವೂ ಕುಂಬಳಕಾಯಿ ಒಡಿಯೂದಿಲ್ಲೇನ? ಅವರು ಕೆತ್ತತಾರ, ನಾವು ಒಡಿತೇವಿ. ಸತ್ತವರೂ ಹಂಗ. ನಮ್ಮವರು ಪಕ್ಷಮಾಸಕ್ಕ ಬಂದು ಉಂಡು ಹೋಗತಾರ, ಐರ್ಲೆಂಡ್ ಕಡೆಯವರು ಅಕ್ಟೋಬರ್ 31ಕ್ಕ ಬರತಾರ, ಖಾನಾಪುರದ ಕ್ರಿಶ್ಚನ್ ಮಂದಿ ನವೆಂಬರ್ 2ಕ್ಕ ಸಮಾಧಿ ಮ್ಯಾಲೆ ಮೇಣಬತ್ತಿ ಹಚ್ಚತಾರ. ಸೀಸನ್ ಒಂದ ಐತಿ." ವಾದದಲ್ಲಿ ಹುಳುಕು ಸಿಗಲಿಲ್ಲವೋ, ಅಜ್ಜಿಗೆ ನಿದ್ದೆ ಬಂತೋ, ಒಟ್ಟಿನಲ್ಲಿ ಹ್ಯಾಲೋವೀನ್ ನಮ್ಮ ಓಣಿಗೆ ಸೇರಿತು.

ಆ ರಾತ್ರಿಗೆ ತಕ್ಕ ದೆವ್ವದ ಸಿನಿಮಾ ಆರಿಸಲೆಂದು, ಫೌಂಡ್ರಿಯಲ್ಲಿ ರದ್ದಾದ ಇನ್‌ಸ್ಪೆಕ್ಷನ್ ಪ್ಯಾಡುಗಳ ಹಿಂಬದಿಯಲ್ಲಿ ಕಾಕಾ ಅಡ್ಡಗೆರೆ ಉದ್ದಗೆರೆ ಎಳೆದಿದ್ದಾರೆ. ಮಳೆ, ಮಂಜು, ಹಳೇ ವಾಡೆ, ಬಾವಿ, ಬಾಗಿಲ ಸಪ್ಪಳ, ಇವಕ್ಕೆಲ್ಲ ಅಂಕ. ಹಾಡು ಬಂದರೆ ಅಂಕ ಕಡಿತ, ಕಾಮಿಡಿ ಟ್ರ್ಯಾಕಿಗೆ ಎರಡು ಪಟ್ಟು. ದೆವ್ವ ಹಿಂದಿನಿಂದ ಬಂದು ಭೋ ಅಂದರೆ ನೇರ ರಿಜೆಕ್ಟ್. "ಅಷ್ಟ ಮಾಡಾಕ ದೆವ್ವ ಯಾಕ ಬೇಕು? ನಮ್ಮ ತಂಗಿ ಮಗಾನೂ ಮಾಡತಾನ. ಛಲೋ ದೆವ್ವ ಕಾಣಸಾಂಗಿಲ್ಲ. 1963ರ 'ದಿ ಹಾಂಟಿಂಗ್' ನೋಡು. ಸಿನಿಮಾ ಮುಗಿಯೂತನಾ ದೆವ್ವ ಕಣ್ಣಿಗೆ ಬೀಳೂದಿಲ್ಲ. ಬರೇ ಬಾಗಲ ಬಡಿತೈತಿ."

"ಹಂಗಂದ್ರ ನಮ್ಮ ಗ್ಯಾಸ್ ತರೂ ಹುಡುಗಾನೂ ಹಂಗ ಬಡಿತಾನ" ಅಂದರು ಕಾಕು.

ಕನ್ನಡದ ಮಟ್ಟಿಗೆ ಕಾಕಾನ ಮುದ್ರೆ ಬಿದ್ದ ಚಿತ್ರಗಳು ಕಡಿಮೆ. 1979ರ 'ನಾ ನಿನ್ನ ಬಿಡಲಾರೆ' ಪಾಸು, ಆದರೆ ಷರತ್ತಿನ ಮೇಲೆ: ಅನಂತನಾಗ್ ಮೈಮೇಲೆ ಬರುವ ತನಕ ಪೂರ್ಣ ಅಂಕ, ಮಂತ್ರಾಲಯ ಬಂದಾಗ ಭಕ್ತಿಗೆ ಕೈಮುಗಿದು ಪೆನ್ನು ಕೆಳಗೆ. ಉಪೇಂದ್ರ 1993ರಲ್ಲಿ ಮಾಡಿದ 'ಶ್!' ಮೇಲೆ ಅವರಿಗೆ ವಿಶೇಷ ಗೌರವ, ಯಾಕೆಂದರೆ ನೋಡುವವರಿಗೆ ಹೇಳಬೇಕಾದ್ದನ್ನು ಹೆಸರಲ್ಲೇ ಹೇಳಿದೆ. 2015ರ 'ರಂಗಿತರಂಗ'ದ ಕಾಡಿಗೂ ಮಳೆಗೂ ಒಳ್ಳೆಯ ಅಂಕ ಬಿದ್ದಿದೆ. 'ಆಪ್ತಮಿತ್ರ'ದ ಜೊತೆ ಮಾತ್ರ 2004ರಿಂದ ಮಾತು ಬಿಟ್ಟಿದ್ದಾರೆ. "ಎರಡೂವರೆ ತಾಸು ಹೆದರಿಸಿ, ಕಡೀಕ ಇದು ಮನಸಿನ ರೋಗ ಅಂದ್ರ ಹೆಂಗ? ಹೆದರಿದವ್ರ ಮರ್ಯಾದಿ ಏನಾಗಬೇಕು?" ಆದರೂ ಹೊಸಬರಿಗೆ ಅದರ ಮೂಲವಾದ 1993ರ ಮಲಯಾಳಂ 'ಮಣಿಚಿತ್ರತಾಳ್' ಮೊದಲು ನೋಡಿರೆಂದು ಅಪ್ಪಣೆ ಮಾಡುತ್ತಾರೆ. ಹಾಗೆ ನೋಡಿದವರು 'ಆಪ್ತಮಿತ್ರ'ವೇ ಚಂದ ಅಂದರೆ ಒಂದು ವಾರ ಚಹಾಕ್ಕೆ ಕರೆಯುವುದಿಲ್ಲ.

'ಸ್ತ್ರೀ' ಸಿನಿಮಾಕ್ಕೂ ಕೆಂಪು ಬಣ್ಣವೇ. ಒಂದು ಕಾಲಕ್ಕೆ ಕರ್ನಾಟಕದಲ್ಲಿ ಎಷ್ಟೋ ಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆದು ದೆವ್ವವನ್ನು ವಾಪಸು ಕಳಿಸುತ್ತಿದ್ದರಲ್ಲ, ಅದನ್ನೇ ಒಯ್ದು ನಗೆಚಾಟಿಕೆ ಮಾಡಿದ್ದಾರೆಂಬುದು ಕಾಕಾನ ಸಿಟ್ಟು. ನನ್ನ ಮಟ್ಟಿಗೆ ಆ ಸಿನಿಮಾ ಚೆನ್ನಾಗಿದೆ. ಇದನ್ನು ಅವರ ಎದುರಿಗೆ ಹೇಳಿಲ್ಲ.

ಆರಿಸಿದ್ದನ್ನು ಮನೆಯವರಿಗೆ ತೋರಿಸುವುದು ಬೇರೆಯೇ ಕಷ್ಟ. ಮಮ್ಮುಟ್ಟಿಯ 'ಭ್ರಮಯುಗಂ' ಹಚ್ಚಿದ ರಾತ್ರಿ, 2024ರಲ್ಲಿ ಬಂದ ಸಿನಿಮಾ ಪೂರಾ ಕಪ್ಪು-ಬಿಳುಪಿನಲ್ಲಿದ್ದದ್ದು ಕಂಡು ಕಾಕು ಎದ್ದು ಟಿವಿಯ ಬೆನ್ನಿಗೆ ಎರಡು ಬಡಿದು, "ಬಣ್ಣಾ ಹೋಗೈತ್ರಿ ಇದರದ್ದು, ಮುಂಜಾನೆ ಟಿವಿ ರಿಪೇರಿ ಹುಡುಗಗ ಫೋನ್ ಹಚ್ಚರಿ" ಅಂದರು. ಪಕ್ಕದ ಮನೆಯ ವಹಿನಿಯದು ಒಂದೇ ಬೇಡಿಕೆ: "ಕಾಕಾ, ಝಪಾಟ್‌ಲೇಲಾ ಲಾವಾ ಕೀ!" ಗೊಂಬೆಯೊಳಗೆ ಹೊಕ್ಕ ತಾತ್ಯಾ ವಿಂಚೂ, ಎದುರಿಗೆ ಲಕ್ಷ್ಮೀಕಾಂತ ಬೇರ್ಡೆ. 1993ರ ಈ ಮರಾಠಿ ಸಿನಿಮಾಕ್ಕೆ ನಮ್ಮ ಓಣಿಯಲ್ಲಿ ಭಾಷೆಯ ಜಗಳವಿಲ್ಲ. ಸಂಗೊಳ್ಳಿ ರಾಯಣ್ಣನ ಮೂರ್ತಿಯ ಹೆಸರಿನಲ್ಲಿ 2020ರ ಆಗಸ್ಟಿನಲ್ಲಿ ಚೌಕದಲ್ಲಿ ಗದ್ದಲವೆದ್ದು ಪೊಲೀಸರು ಬಂದು ನಿಂತಿದ್ದಾಗಲೂ ಮನೆಯೊಳಗೆ ಕನ್ನಡ, ಮರಾಠಿ ಎರಡೂ ಕಡೆಯ ಮಕ್ಕಳು ತಾತ್ಯಾ ವಿಂಚೂಗೆ ಒಟ್ಟಿಗೇ ಕಿರುಚುತ್ತಿದ್ದವು. ಕಾಕಾ ಮಾತ್ರ ಅದನ್ನು ಪ್ಯಾಡಿಗೆ ಹತ್ತಿಸಿಲ್ಲ.

ಇವರೆಲ್ಲರಿಗಿಂತ ದೊಡ್ಡ ಇನ್‌ಸ್ಪೆಕ್ಟರು ಅಜ್ಜಿ. ಬಿಳಿ ಸೀರೆಯ ದೆವ್ವ ಬಂದರೆ, "ಯಾವ ಪುಡಿ ಹಾಕಿ ಒಗಿತಾಳ ಇಕಿ?" ದೊಡ್ಡ ವಾಡೆಯಲ್ಲಿ ನಾಯಕಿ ಕಂದೀಲು ಹಿಡಿದು ಮೆಟ್ಟಿಲಿಳಿದರೆ, "ಲೈಟ್ ಹಚ್ಚಾಕ ಏನ ಧಾಡಿ?" ನಿಕೋಲ್ ಕಿಡ್‌ಮನ್‌ಳ 'ದಿ ಅದರ್ಸ್' ಹಚ್ಚುವ ಮೊದಲು ಕಾಕಾ ಎಲ್ಲರಿಂದ ಆಣೆ ಮಾಡಿಸಿದ್ದರು, ಕೊನೆಯ ಗುಟ್ಟು ಹೊರಗೆ ಹೇಳಬಾರದೆಂದು. ಮಕ್ಕಳಿಗೆ ಬೆಳಕು ಆಗದೆಂದು ತಾಯಿ ಎಲ್ಲ ಪರದೆ ಎಳೆದಳೋ ಇಲ್ಲವೋ, ಅಜ್ಜಿ ಎಲೆ ಅಡಿಕೆ ಬಾಯಿಗಿಟ್ಟುಕೊಂಡು ಅಂದರು: "ಹಗಲಿಗೆ ಬರಾಂಗಿಲ್ಲ ಅಂದ್ರ ಇವರ ಸತ್ತವರು." ಸಿನಿಮಾ ಇನ್ನೂ ಒಂದೂವರೆ ತಾಸು ಬಾಕಿಯಿತ್ತು. ನೋಡದೆ ಉಳಿದ ಓದುಗರು ಬಯ್ಯುವುದಿದ್ದರೆ ಅಜ್ಜಿಯನ್ನೇ ಬಯ್ಯಲಿ.

ಮನೆಯಲ್ಲಿ ಮಾಹೋಲ್ ಕೂಡುವುದಿಲ್ಲವೆಂದು ಒಮ್ಮೆ ಓಣಿಯ ಹುಡುಗರನ್ನು ಓಮ್ನಿಯಲ್ಲಿ ತುಂಬಿಕೊಂಡು ಜಾಂಬೋಟಿ ರಸ್ತೆ ಹಿಡಿದರು. ನಮ್ಮ ಚೌಕದಿಂದಲೇ ಆ ದಾರಿ ಒಡೆಯುತ್ತದೆ. ಜಾಂಬೋಟಿ, ಮಲಪ್ರಭೆ ಹುಟ್ಟುವ ಕಣಕುಂಬಿ, ಆಮೇಲೆ ಚೋರ್ಲಾ ಘಾಟು, ಗೋವಾ. ಮಳೆಗಾಲದ ಕೊನೆ. ಮಂಜು ಎಷ್ಟೆಂದರೆ ಗಾಡಿಯ ಮೂತಿ ಗಾಡಿಯವನಿಗೇ ಕಾಣದು. ರಸ್ತೆ ಬದಿಗೆ ನಿಲ್ಲಿಸಿ, ಲ್ಯಾಪ್‌ಟಾಪಿನಲ್ಲಿ ಜಾನ್ ಕಾರ್ಪೆಂಟರನ 1980ರ 'ದಿ ಫಾಗ್' ಹಚ್ಚಿದರು. ಸಮುದ್ರದ ಮೇಲಿಂದ ಮಂಜು ಊರಿನ ಕಡೆ ಸರಿಯತೊಡಗಿದ್ದೇ ಬಸ್ಸಿನವನು ನಿಲ್ಲಿಸಿ ಕೂಗಿದ, "ಗಾಡಿ ಕೆಟ್ಟೈತೇನ್ರೀ?" ಇಲ್ಲವೆಂದು ಕಳಿಸಿದರೆ ಹಾಲಿನ ಗಾಡಿಯವನು ಜಾಕ್ ಹಿಡಿದುಕೊಂಡೇ ಇಳಿದ. ಅವನಿಗೆ ಸಮಾಧಾನ ಹೇಳುವಷ್ಟರಲ್ಲಿ ಗೋವಾದಿಂದ ಬರುತ್ತಿದ್ದ ಕುಟುಂಬವೊಂದು ಪಾಪ ಸ್ಟೆಪ್ನಿ ಕೊಡಲು ಮುಂದಾಯಿತು. ಕೊನೆಗೆ ಫಾರೆಸ್ಟಿನವನು ಟಾರ್ಚು ಬಿಟ್ಟ. ಏನು ನಡೆದಿದೆಯೆಂದು ಕೇಳಿ, ಕಿಟಕಿಗೆ ಮೊಣಕೈ ಊರಿ ಅವನೂ ಸ್ವಲ್ಪ ಹೊತ್ತು ನೋಡಿದ. "ಇಷ್ಟ ಮಂಜಿಗೆ ಹೆದರಿದ್ರ ನಮಗ ಡ್ಯೂಟಿ ಮಾಡಾಕ ಆಕ್ಕಿತ್ತೇನ್ರಿ ಸಾಹೇಬ್ರ? ನಡೀರಿ, ಇಲ್ಲಿ ಗಾಡಿ ನಿಲ್ಲಸಬ್ಯಾಡ್ರಿ." ನಮ್ಮ ಸೀಮೆಯಲ್ಲಿ ಮನುಷ್ಯನಿಗೆ ಒಂಟಿಯಾಗಿ ಹೆದರಲು ಯಾರೂ ಬಿಡುವುದಿಲ್ಲ. ಕಾಕಾನ ದುಃಖವೆಲ್ಲ ಅದೇ.

2024ರಲ್ಲಿ ಮಾತ್ರ ಗ್ರಹ ಕೂಡಿಬಂದವೆಂದು ನಂಬಿದ್ದರು. ಅಕ್ಟೋಬರ್ 31ರಂದೇ ನರಕ ಚತುರ್ದಶಿ. ಸೆಪ್ಟೆಂಬರಿನಲ್ಲಿ 'ತುಂಬಾಡ್' ಮತ್ತೆ ಬಿಡುಗಡೆಯಾಗಿ, 2018ರಲ್ಲಿ ಗಳಿಸಿದ್ದಕ್ಕಿಂತ ಹೆಚ್ಚು ಗಳಿಸಿತ್ತು. ಅದನ್ನು ಕಾಕಾ ತಮ್ಮ ಸ್ವಂತ ಗೆಲುವೆಂದು ಓಣಿಗೆಲ್ಲ ಕುಂದಾ ಹಂಚಿದ್ದರು. ನಿಜವಾದ ಮಳೆಗೆ ಕಾದು, ಮಳೆಗಾಲದ ಮೇಲೆ ಮಳೆಗಾಲ ಚಿತ್ರೀಕರಣ ಮಾಡಿದ ಸಿನಿಮಾ ಅದು. ಕೊಂಕಣದ ಹಳೇ ವಾಡೆ, ಒಂದೇ ಸಮನೆ ಜಡಿಮಳೆ. ಪ್ಯಾಡಿನಲ್ಲಿ ಎಲ್ಲ ಕಾಲಮ್ಮೂ ತುಂಬಿ ಅಂಕ ಪಕ್ಕದ ಗೆರೆ ದಾಟಿತ್ತು. ಸಂಜೆಯೇ ಕಿಟಕಿಗೆ ಹಳೇ ಕಂಬಳಿ ಕಟ್ಟಿದರು. ಅಂಗಳದಲ್ಲಿ ಕಿಲ್ಲಾ ಕಟ್ಟಿದ ಹುಡುಗರಿಗೆ, ಆ ಲೈಟಿನ ಸರ ತೆಗೆದು ತಳದಲ್ಲಿ ಒಂದು ಪಾಳು ಬಾವಿ ತೋಡಿರೆಂದು ಸೂಚಿಸಿದರು. "ಕಾಕಾ, ಮಹಾರಾಜರ ಕಿಲ್ಲ್ಯಾಗ ದೆವ್ವ ಇರಾಂಗಿಲ್ಲ" ಎಂದು ಹುಡುಗರು ಅವರನ್ನೇ ಅಂಗಳದಿಂದ ಹೊರಗೆ ಹಾಕಿದರು.

ಅವರು ಮರೆತದ್ದು ಪಂಚಾಂಗದ ಮಾತಲ್ಲ, ಊರಿನ ಮಾತು. ಬೆಳಗಾವಿಯಲ್ಲಿ ಅಕ್ಟೋಬರ್ 31ರ ರಾತ್ರಿಯೆಂದರೆ ರಾಜ್ಯೋತ್ಸವದ ಮುನ್ನಾ ರಾತ್ರಿ. ಹನ್ನೆರಡು ಹೊಡೆಯುವುದಕ್ಕೆ ಚನ್ನಮ್ಮ ಸರ್ಕಲ್ಲಿನಲ್ಲಿ ಇರಬೇಕೆಂದು ಹುಡುಗರು ಹತ್ತಕ್ಕೇ ಬಾವುಟ ಕಟ್ಟಿಕೊಂಡು ಖಾನಾಪುರ ರಸ್ತೆಗೆ ಇಳಿಯುತ್ತಾರೆ. ಅದರ ಮೇಲೆ ದೀಪಾವಳಿಯ ಪಟಾಕಿ. ತುಂಬಾಡಿನ ಮಳೆ ಶುರುವಾಗುವುದಕ್ಕೂ ಚೌಕದಲ್ಲಿ ಡಿಜೆ ಗಾಡಿ ಬಂದು ನಿಲ್ಲುವುದಕ್ಕೂ ಸರಿಹೋಯಿತು. ಕಿಟಕಿಯ ಗಾಜು, ಕಪಾಟಿನ ಪಾತ್ರೆ, ಕಾಕುವಿನ ಕಿವಿಯೋಲೆ, ಎಲ್ಲ ಅಲುಗಿದವು. ಎರಡು ಸಲ ಹಿಂದಕ್ಕೆ ಹಾಕಿ ನೋಡಿದರು. ಮೂರನೆಯ ಸಲ ರಿಮೋಟು ಕಾಕುವಿನ ಕೈಗೆ ಕೊಟ್ಟು, "ಅವ್ವನ ಬಿಪಿ ಗುಳಿಗಿ ಮುಗದಾವಲ್ಲ, ತರತೇನಿ" ಎಂದು ಚಪ್ಪಲಿ ಮೆಟ್ಟಿದರು.

ಆಮೇಲೆ ನಾನು ಅವರನ್ನು ಕಂಡದ್ದು ಚನ್ನಮ್ಮ ಸರ್ಕಲ್ಲಿನಲ್ಲಿ. ಕೊರಳಲ್ಲಿ ಹಳದಿ-ಕೆಂಪು ಶಾಲು, ಯಾರದೋ ಹೆಗಲ ಮೇಲೆ ಕೈ, ಡಿಜೆಗೆ ಸರಿಯಾಗಿ ಹೆಜ್ಜೆ. ನನ್ನನ್ನು ನೋಡಿ ನಾಚದೆ ಕಿವಿಯಲ್ಲಿ ಕೂಗಿದರು: "ಏನ ಮಾಹೋಲ್ ಐತೋ ತಮ್ಮಾ!"

ಮನೆ ಮುಟ್ಟಿದಾಗ ಬೆಳಗಿನ ಜಾವ. ಅಜ್ಜಿ ಎಚ್ಚರವಿದ್ದರು. ಕಾಕು, ವಹಿನಿ, ಅಜ್ಜಿ ಮೂವರೂ ಕೂತು ಸಿನಿಮಾ ಪೂರಾ ನೋಡಿದ್ದರಂತೆ. ಕಾಕಾ ಹೊಸ್ತಿಲಲ್ಲೇ ನಿಂತು ಆಸೆಯಿಂದ ಕೇಳಿದರು, "ಹೆಂಗಿತ್ತಬೇ? ಹೆದರಿಕಿ ಬಂತೋ ಇಲ್ಲೋ?"

"ಹೆದರಿಕಿ ಎಲ್ಲೀದು? ಸಿಟ್ಟ ಬಂತು. ಆ ಮುದಕೀನ್ನ ಸರಪಳಿ ಹಾಕಿ ಕಟ್ಯಾರ, ಹೊತ್ತಿಗೆ ಸರಿಯಾಗಿ ಒಂದ ತುತ್ತ ಉಣ್ಣಾಕ ಕೊಡಾಂಗಿಲ್ಲ, ಮ್ಯಾಲೆ ಅಕೀಗೇ ದೆವ್ವ ಅಂತಾರ" ಅಂದ ಅಜ್ಜಿ, ಮಗನ ಕೊರಳಿನ ಶಾಲಿನಿಂದ ಖಾಲಿ ಕೈಯ ತನಕ ನೋಡಿದರು. "ನನ್ನ ಗುಳಿಗಿ ಎಲ್ಲಿ?"